ಬಿಗಿದ ಮುಷ್ಟಿ, ಶ್ವಾಸನಾಳದ ಮಸಿ: ನಮ್ಮ ಮನೆಮಂದಿ ಗುಂಪಿನ ಚರ್ಚೆ

ಶಿವಮೊಗ್ಗ ದೊಡ್ಡಪ್ಪ: ನಾನು ಹಾಕಿರುವ ವಿಡಿಯೊವನ್ನು ಎಲ್ಲರೂ ನೋಡಿ. ಸುಟ್ಟುಹೋದ ಆ ಹೆಣ್ಣುಮಗಳ ಎರಡೂ ಕೈಗಳು ಮುಷ್ಟಿ ಬಿಗಿದು ಮೇಲೆದ್ದಿವೆ, ತಲೆಬುರುಡೆಯೂ ಬಿರುಕು ಬಿಟ್ಟಿದೆಯಂತೆ. ಹೊಡೆದಾಡಿ ಸತ್ತವಳನ್ನು ಆಮೇಲೆ ಸುಟ್ಟಿದ್ದಾರೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ನಾನು: ದೊಡ್ಡಪ್ಪ, ನಿಮ್ಮ ಸಂಕಟ ನನಗೂ ಇದೆ. ಆದರೆ ನ್ಯಾಯವೈದ್ಯಶಾಸ್ತ್ರ ವಿಭಾಗದಲ್ಲಿ ಇಂಥ ಶವಗಳನ್ನು ಪರೀಕ್ಷಿಸುವವಳಾಗಿ ಹೇಳುತ್ತೇನೆ, ಆ ಮುಷ್ಟಿ ಜಗಳದ ಗುರುತಲ್ಲ. ಬೆಂಕಿಯ ಕಾವಿಗೆ ಸ್ನಾಯುಗಳ ಪ್ರೋಟೀನು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ಕುಗ್ಗುತ್ತದೆ. ಕೈಕಾಲು ಮಡಚುವ ಸ್ನಾಯುಗಳೇ ಹೆಚ್ಚು ಬಲವಾಗಿರುವುದರಿಂದ, ಬದುಕಿದ್ದಾಗ ಸುಟ್ಟರೂ ಸತ್ತ ಮೇಲೆ ಸುಟ್ಟರೂ ದೇಹ ಅದೇ ಭಂಗಿಗೆ ಬರುತ್ತದೆ. ಬುರುಡೆಯ ಬಿರುಕು ಮತ್ತು ಅದರೊಳಗೆ ಜೇನುಗೂಡಿನಂತೆ ರಂಧ್ರಗಳಿರುವ ಕಂದು ರಕ್ತದ ಗಡ್ಡೆ ಕೂಡ ಶಾಖದಿಂದಲೇ ಆಗಬಹುದು.

ಮೈಸೂರು ಅಕ್ಕ: ಹಾಗಾದರೆ ಕೊಂದು ಸುಟ್ಟವರೆಲ್ಲ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರಲ್ಲ?

ನಾನು: ಇಲ್ಲ ಅಕ್ಕ. ಶ್ವಾಸನಾಳವನ್ನು ತೆರೆದಾಗ ಧ್ವನಿಪೆಟ್ಟಿಗೆಯ ಕೆಳಗೆ ಲೋಳೆಯೊಂದಿಗೆ ಕಲಸಿದ ಮಸಿ ಕಂಡರೆ, ಬೆಂಕಿ ಹೊತ್ತಿದಾಗ ಆಕೆ ಉಸಿರಾಡುತ್ತಿದ್ದಳು ಎಂದರ್ಥ. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ ವಿಷಾನಿಲ) ಹೆಚ್ಚಿದ್ದರೆ ಅದಕ್ಕೆ ಬಲ ಬರುತ್ತದೆ. ಆದರೆ ಸೀಮೆಎಣ್ಣೆ ಅಥವಾ ಪೆಟ್ರೋಲು ಭಗ್ಗನೆ ಹೊತ್ತಿಕೊಂಡಾಗ ಇವೆರಡೂ ಕಾಣದಿರಬಹುದು. ಆದ್ದರಿಂದ ಮಸಿ ಇಲ್ಲ ಎಂಬ ಒಂದೇ ಮಾತಿನ ಮೇಲೆ ಕೊಲೆ ಎಂದು ಬರೆಯುವುದು ತಪ್ಪು.

ಧಾರವಾಡ ಭಾವ: ವಕೀಲನಾಗಿ ಒಂದು ಮಾತು. ಆಸ್ಪತ್ರೆಯಲ್ಲಿ ಮರಣಪೂರ್ವ ಹೇಳಿಕೆ ದೊರೆತರೆ ಅಷ್ಟೇ ಸಾಕಲ್ಲವೇ? 2002ರ ಲಕ್ಷ್ಮಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ರೋಗಿ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದರು ಎಂಬ ವೈದ್ಯರ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಹೇಳಿಕೆಯನ್ನು ತಳ್ಳಿಹಾಕಬೇಕಿಲ್ಲ ಎಂದಿದೆ.

ನಾನು: ತೀರ್ಪು ಸರಿ, ಭಾವ. ಆದರೆ ಗಂಡನ ಮನೆಯವರು ಮಂಚದ ಬಳಿಯೇ ನಿಂತಿರುವಾಗ "ಸ್ಟೌ ಸಿಡಿಯಿತು" ಎಂದು ಪಿಸುಗುಟ್ಟುವ ಹೆಣ್ಣಿನ ಮಾತನ್ನು ಯಾವುದರ ಜೊತೆ ತಾಳೆ ನೋಡುತ್ತೀರಿ? ಆಕೆಯ ಮೈಯ ಜೊತೆಗೇ ನೋಡಬೇಕು. ಸ್ಟೌ ಸಿಡಿದರೆ ಸಾಮಾನ್ಯವಾಗಿ ಹೊಟ್ಟೆ, ತೊಡೆಗಳ ಮುಂಭಾಗ ಹೆಚ್ಚು ಸುಡುತ್ತದೆ. ತಲೆಯ ಮೇಲಿಂದ ಎಣ್ಣೆ ಸುರಿದಿದ್ದರೆ ಕೂದಲು, ಹೆಗಲು, ಬೆನ್ನು ಬೇರೆಯೇ ಕಥೆ ಹೇಳುತ್ತವೆ. ಒಮ್ಮೆ ನಾನು ಕಂಡ ದೇಹದಲ್ಲಿ ಲಂಗದ ಲಾಡಿ ಬಿಗಿದಿದ್ದ ಎರಡು ಬೆರಳಗಲದ ಚರ್ಮ ಮಾತ್ರ ಸುಡದೆ ಉಳಿದಿತ್ತು. ಅಲ್ಲಿಗೆ ಅಂಟಿದ್ದ ಸೀರೆಯ ಚೂರಿನಲ್ಲಿ ಇನ್ನೂ ಸೀಮೆಎಣ್ಣೆಯ ವಾಸನೆ ಇತ್ತು, ಆದರೆ ಉಳಿದ ಬಟ್ಟೆಯನ್ನು ತುರ್ತು ಚಿಕಿತ್ಸೆಯ ಗಡಿಬಿಡಿಯಲ್ಲಿ ಕಸದ ಬುಟ್ಟಿಗೆ ಎಸೆದಾಗಿತ್ತು. ಗಾಳಿಯಾಡದ ಡಬ್ಬಿಯಲ್ಲಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕಾಗಿದ್ದ ಬಟ್ಟೆ ಅದು. ನಮ್ಮ ಕೆಲಸ ಶವಾಗಾರದಲ್ಲಿ ಅಲ್ಲ, ರೋಗಿ ಬದುಕಿರುವಾಗಲೇ ಆರಂಭವಾಗುತ್ತದೆ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಶಿವಮೊಗ್ಗ ದೊಡ್ಡಪ್ಪ: ವಿಡಿಯೊ ಅಳಿಸುತ್ತೇನಮ್ಮ. ಆದರೆ ಹುಡುಗಿಯ ತಂದೆ ನನಗೆ ಪರಿಚಯದವರು, ಅವರಿಗೆ ಏನು ಹೇಳಲಿ?

ನಾನು: ಮದುವೆಯಾಗಿ 7 ವರ್ಷ ತುಂಬಿಲ್ಲವಾದರೆ ತಹಶೀಲ್ದಾರರ ಸಮ್ಮುಖದಲ್ಲಿ ಶವ ಪಂಚನಾಮೆ ಆಗಿದೆಯೇ ಎಂದು ವಿಚಾರಿಸಲಿ. ಕತ್ತು ಹಿಸುಕಿದ ಗುರುತಿದೆಯೇ ಎಂದು ಕುತ್ತಿಗೆಯ ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದ್ದಾರೆಯೇ, ರಕ್ತ ಮತ್ತು ಕೂದಲಿನ ಮಾದರಿ ತೆಗೆದಿದ್ದಾರೆಯೇ ಎಂದೂ ಕೇಳಲಿ. ಅಂತ್ಯಕ್ರಿಯೆ ಇನ್ನೂ ಆಗಿರದಿದ್ದರೆ ಇಂದೇ ಕೇಳಲಿ, ದೊಡ್ಡಪ್ಪ.