ಸಹಾಯ ಬೇಕ್ರಿ: ದುರ್ಗದಬೈಲಿನ ಸಂಜೆ ಬೆಳಕಿನ್ಯಾಗ ನಗಿ ತರಿಸೋ ಕ್ಯಾಂಡಿಡ್ ಫೋಟೊ

ಎಲ್ಲರಿಗೂ ನಮಸ್ಕಾರ್ರಿ. ಫುಲ್ ಫ್ರೇಮ್ ಕ್ಯಾಮೆರಾ, 35 ಎಂಎಂ ಲೆನ್ಸ್. ಜಾಗ ಹುಬ್ಬಳ್ಳಿಯ ತಿನಿಸಿನ ಪ್ಯಾಟಿ ದುರ್ಗದಬೈಲ್.

ಬೇಕಾಗಿರೋ ಫ್ರೇಮ್ ಹಿಂಗ: ಹಿಂದಿನ ಬ್ಯಾನರ್‌ನ್ಯಾಗ ಯಾರೋ ತೋರುಬೆರಳು ಚಾಚಿರ್ತಾರ, ಮುಂದ ಗಿರ್ಮಿಟ್ (ಮಂಡಕ್ಕಿ ತಿನಿಸು) ತಿನ್ನೋರ ನೆತ್ತಿಗೆ ಆ ಬೆರಳು ಸರಿಯಾಗಿ ತಾಗಬೇಕು. ಕಣ್ಣಿನ ಎತ್ತರದಿಂದ ತೆಗೆದ್ರ ನಡುವ ಖಾಲಿ ಜಾಗ ಉಳೀತದ. ಕ್ಯಾಮೆರಾ ಸೊಂಟದ ಮಟ್ಟಕ್ಕ ಇಳಿಸಿದ್ರ ಮುಂದಿನವರ ತಲಿ ಮ್ಯಾಲೇರಿ ಬೆರಳಿಗೆ ಮುಟ್ಟತದ. ಅವರನ್ನ ಸಣ್ಣವರನ್ನಾಗಿ ಮಾಡೋ ನಗಿ ಮಾತ್ರ ಬ್ಯಾಡ.

ಹಗಲಿನ್ಯಾಗ ತೊಂದ್ರಿ ಇಲ್ಲ. ಎಫ್/8 (ಲೆನ್ಸ್ ತೂತಿನ ಅಳತಿ, ಅಂಕಿ ಸಣ್ಣದಾದಷ್ಟು ತೂತು ದೊಡ್ಡದು), ಶಟರ್ 1/500 ಸೆಕೆಂಡ್, ಫೋಕಸ್ 2.5 ಮೀಟರ್‌ಗೆ ಕಟ್ಟಿಟ್ರ ಸುಮಾರು 1.7ರಿಂದ 5 ಮೀಟರ್ ತನಕ ಸ್ಪಷ್ಟ. ದೀಪ ಹತ್ತಿದ ಮ್ಯಾಲೆ ಅದ ಸೆಟ್ಟಿಂಗ್‌ಗೆ ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12,800 ದಾಟತದ, ಮುಖದ ತುಂಬ ಕಾಳಿನಂಥ ಚುಕ್ಕಿ. ಎಫ್/2.8ಕ್ಕ ತೆರೆದ್ರ 2.1ರಿಂದ 3 ಮೀಟರ್ ಅಷ್ಟ. ಬ್ಯಾನರ್ ಮಸುಕಾತು, ನಗೀನೂ ಹೋತು.

ಸದ್ದು ಬ್ಯಾಡಂತ ಎಲೆಕ್ಟ್ರಾನಿಕ್ ಶಟರ್ ಇಟ್ರ ಕೆಲವು ಎಲ್‌ಇಡಿ ದೀಪದ ಕೆಳಗ ಅಡ್ಡ ಪಟ್ಟಿ ಬೀಳತಾವ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗತದ. ಮೆಕ್ಯಾನಿಕಲ್ ಶಟರ್ 1/100ಕ್ಕ ಇಟ್ರ ಪಟ್ಟಿ ಹೋಗತಾವ. ಆದ್ರ ಮಿರ್ಚಿ ಖಾರ ಹತ್ತಿ ಹುಬ್ಬೇರಿಸಿ ಬಾಯಿ ಮುಂದ ಕೈ ಬೀಸೋರು ಅಲುಗಾಡಿ ಬರ್ತಾರ.

ಇನ್ನೂ ಅಗಲ ಕಾಣೋ 28 ಎಂಎಂ ಲೆನ್ಸ್‌ಗೆ ಎಫ್/4, ಫೋಕಸ್ 3.5 ಮೀಟರ್ ಇಟ್ರ ಲೆಕ್ಕದಾಗ 2.3ರಿಂದ 7.5 ಮೀಟರ್ ಸಿಗತದ. ಬಳಸಿದವರು ಹೇಳ್ರಿ: ಮುಖ ಸಣ್ಣದಾಗಿ ಭಾವ ಕಳೀತದೇನು? ಫ್ಲ್ಯಾಶ್ ಹಾಕಂಗಿಲ್ಲ, ಜನ ತಿರುಗಿ ನೋಡತಾರ. ಕ್ಯಾಮೆರಾದ ಫ್ಲಿಕರ್ ರಿಡಕ್ಷನ್ (ದೀಪದ ಮಿನುಗಿಗೆ ಹೊಂದಿಸಿ ಶಟರ್ ಬಿಡೋ ಸೌಲಭ್ಯ) 1/250ಕ್ಕ ಎಷ್ಟು ತಡ ಮಾಡತದ? ಸೆಟ್ಟಿಂಗ್ ಸಮೇತ ಮಾದರಿ ಫೋಟೊ ಹಾಕಿದ್ರ ಭಾಳ ಉಪಕಾರ ಆಗತದ್ರಿ.