ಸಹಾಯ ಬೇಕು: ಸರಿ ಉತ್ತರಕ್ಕೂ ತಪ್ಪು ಅನ್ನೋ ಕೋರ್ಸ್ ಸಾಫ್ಟ್‌ವೇರ್

ನಮಸ್ಕಾರ, ಚಿಕ್ಕಮಗಳೂರಿಂದ ಬರೀತಿದ್ದೀನಿ. ತೋಟದ ಮೇಸ್ತ್ರಿಗಳಿಗೆ ಅಂತ ಕಾಫಿಯ ರೋಗ, ಕೀಟಗಳ ಬಗ್ಗೆ ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ಮಾಡ್ತಿದ್ದೀನಿ. ಅರೇಬಿಕಾಗೆ ಕಾಟ ಕೊಡೋ ಹುಳು ಯಾವುದು, ಬಿಟ್ಟ ಸ್ಥಳ ತುಂಬಿ ಅಂತ ಒಂದು ಪ್ರಶ್ನೆ. ಮೊನ್ನೆ ಹಿರಿಯರೊಬ್ರು ಮೊಬೈಲಲ್ಲಿ ‘ಬಿಳಿ ಕಾಂಡಕೊರಕ’ ಅಂತ ಸರಿಯಾಗೇ ಬರೆದ್ರು. ಕೆಂಪು ಗುರುತು ಬಿತ್ತು! ‘ಈ ಹುಳಾನ ನಾನು ನೋಡಿರೋಷ್ಟು ನಿಮ್ ಕಂಪ್ಯೂಟರ್ ನೋಡಿದ್ಯಾ?’ ಅಂದ್ರು. ನಾನೇನು ಹೇಳ್ಲಿ.

ಕೆದಕಿದಾಗ ಗೊತ್ತಾಯ್ತು, ಎಡವಟ್ಟು ಇರೋದು ‘ಕೊ’ದಲ್ಲಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಬಳಸೋ ಸಂಕೇತಗಳ ಪಟ್ಟಿ) ಒ-ಕಾರದ ಚಿಹ್ನೆಗೆ ಒಂದೇ ಸಂಕೇತ ಇದೆ. ಎ-ಕಾರದ ಪಕ್ಕ ಊ-ಕಾರ ಇಟ್ರೂ ಅದೇ ಆಕಾರ ಬರುತ್ತೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಬೇರೆ ಬೇರೆ. ಹೋಲಿಸೋ ಮುಂಚೆ ನಾನು ಕೊಟ್ಟ ಉತ್ತರ, ಅವ್ರು ಬರೆದ ಉತ್ತರ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ಯೂನಿಕೋಡ್‌ನ ಒಂದೇ ಬಗೆಯ ಜೋಡಿಸಿದ ರೂಪಕ್ಕೆ, ತಂದ್ರೆ ಸರಿಹೋಗುತ್ತೆ. ಕಂಪನಿಗೆ ಬರೆದ್ರೆ ‘ಫಾಂಟ್ ಬದಲಾಯಿಸಿ’ ಅಂತ ಉತ್ತರ ಬಂತು. ಫಾಂಟಿಗೂ ಇದಕ್ಕೂ ಏನು ಸಂಬಂಧ ಸ್ವಾಮಿ?

ಸದ್ಯಕ್ಕೆ ಎರಡು ರೂಪಾನೂ ಸರಿ ಉತ್ತರ ಅಂತ ಕೈಯಾರೆ ಸೇರಿಸ್ತಿದ್ದೀನಿ. ‘ಕೋ’ ಬಂದ್ರಂತೂ ಅದನ್ನ ಇನ್ನೂ ಹೆಚ್ಚು ರೀತೀಲಿ ಜೋಡಿಸಬಹುದು, ತಲೆನೋವು ಇನ್ನೂ ಜಾಸ್ತಿ.

ಈಗ ಸಾಫ್ಟ್‌ವೇರಲ್ಲೇ ಇದನ್ನ ಸೇರಿಸಿ ಅಂತ ಕಂಪನಿಗೆ ಮನವಿ (ಫೀಚರ್ ರಿಕ್ವೆಸ್ಟ್) ಕಳಿಸ್ಬೇಕು. ಒಬ್ಬನ ಮಾತು ಕೇಳಲ್ಲ ಅವ್ರು. ಕನ್ನಡ, ತುಳು, ಕೊಂಕಣಿಲಿ ಕ್ವಿಜ್ ಮಾಡೋರಿಗೆ ಇದೇ ತೊಂದರೆ ಆಗಿದ್ರೆ ಯಾವ ಪದ, ಯಾವ ಕೀಬೋರ್ಡ್ ಅಂತ ಹೇಳಿ, ಸ್ಕ್ರೀನ್‌ಶಾಟ್ ಇದ್ರೆ ಹಾಕಿ. ಮನವಿ ಇಂಗ್ಲಿಷಲ್ಲಿ ತಿದ್ದಿಕೊಡೋರು ಹಾಸನ, ಚಿಕ್ಕಮಗಳೂರು ಕಡೆ ಇದ್ರೆ ಇನ್ನೂ ಒಳ್ಳೇದು, ಕಾಫಿ ನಂದು.