ಬೇಸಿಗೆ ರಜೇಲಿ ಒಂದು ತಿಂಗಳು ಕುಂದಾಪುರ: ಕಡಲ ಹಕ್ಕಿ ಏನಾದ್ರೂ ಉಳಿದಿರ್ತವಾ?

ಹೇಮಾವತಿ ದಂಡೆ (ಹಾಸನ):

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಟೀಚರ್ ಆಗಿದೀನಿ, ಪೇಪರ್ ತಿದ್ದೋದೆಲ್ಲ ಮುಗಿಸ್ಕೊಂಡು ಏಪ್ರಿಲ್ ಎರಡನೇ ವಾರದಿಂದ ಮೇ ಮಧ್ಯದವರೆಗೆ ಕುಂದಾಪುರದಲ್ಲಿ ಅಕ್ಕನ ಮನೇಲಿ ಇರ್ತೀನಿ. ಅಲ್ಲಿಂದ ಕೋಡಿ ಬೀಚಿಗೆ ಸ್ಕೂಟೀಲಿ ಹೋಗಿ ಬರಬಹುದು. ಗೊರೂರು ಹಿನ್ನೀರು, ಯಗಚಿ, ಹಳೇಬೀಡು ಕೆರೆ ಇಲ್ಲೆಲ್ಲ ಸುತ್ತಿ ಕೆರೆ ಹಕ್ಕಿಗಳು ಒಂದ್ ಮಟ್ಟಿಗೆ ಗೊತ್ತು, ಆದ್ರೆ ಬೀಚಲ್ಲಿ ಓಡಾಡೋ ಆ ಸಣ್ಣ ಸಣ್ಣ ಕಂದು ಹಕ್ಕಿಗಳಿದಾವಲ್ಲ, ಅವೆಲ್ಲ ನಂಗೆ ಒಂದೇ ತರ ಕಾಣ್ತವೆ, ಪುಸ್ತಕ ತೆಗೆದು ನೋಡಿದ್ರೆ ಇನ್ನೂ ಕನ್ಫ್ಯೂಸ್.

ಪ್ರಶ್ನೆ ಏನಪ್ಪಾ ಅಂದ್ರೆ, ಕೇಳಿದವರೆಲ್ಲ ಕರಾವಳಿಗೆ ಹಕ್ಕಿ ನೋಡೋಕೆ ಡಿಸೆಂಬರ್ ಜನವರೀಲಿ ಹೋಗ್ಬೇಕು, ಬೇಸಿಗೇಲಿ ಏನೂ ಇರಲ್ಲ, ಬೆವರು ಮಾತ್ರ ಸಿಗತ್ತೆ ಅಂತಾರೆ. ನಿಜಾನಾ? ತಿಂಗಳು ಪೂರ್ತಿ ಕೈಲಿದೆ ಅಂದ್ಮೇಲೆ ಕಾರವಾರದಿಂದ ಉಳ್ಳಾಲದವರೆಗೆ ಎಲ್ಲಾ ಅಳಿವೆಗಳನ್ನೂ ಒಂದ್ ರೌಂಡ್ ಹಾಕೋದಾ ಅಥವಾ ಬೇರೆ ಪ್ಲಾನ್ ಏನಾದ್ರೂ ಇದೆಯಾ? ಹಾಸನದಲ್ಲಿ ರಾತ್ರಿ ಕಾರವಾರ ಟ್ರೈನ್ ಹತ್ತಿದ್ರೆ ಆಯ್ತು, ಹೋಗೋದಂತೂ ಕಷ್ಟ ಇಲ್ಲ.

ಮೂಡಿಗೆರೆ ಮಳೆ:

ಮೇಡಂ, ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಮೇ ತಿಂಗಳಲ್ಲಿ ಕರಾವಳಿಯ ಸೆಖೆ ತಡ್ಕೊಂಡು ಬೀಚಲ್ಲಿ ನಿಂತ್ಕೊಳೋ ಬದಲು ನಮ್ಮ ಜಿಲ್ಲೆಗೇ ಬನ್ನಿ ಮಾರಾಯ್ರೆ. ಲಕ್ಕವಳ್ಳೀಲಿ ಭದ್ರಾ ಹಿನ್ನೀರು ಇಳಿದಾಗ ಏಳೋ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿ, ನಮ್ಮ ನದಿ ರೀವ, ಸಾವಿರಗಟ್ಟಲೆ ಸೇರಿ ಮೊಟ್ಟೆ ಇಟ್ಟು ಮರಿ ಮಾಡೋದು ಸರಿಯಾಗಿ ಬೇಸಿಗೇಲೇ, ಅಲ್ಲಿನ ರೆಸಾರ್ಟಿಗೇ ಅದರ ಹೆಸರು ಇಟ್ಟಿದಾರೆ ಅಂದ್ರೆ ನೋಡಿ. ಟರ್ನ್ ನೋಡೋಕೆ ಸಮುದ್ರಕ್ಕೇ ಹೋಗ್ಬೇಕು ಅಂತ ಯಾರು ಹೇಳಿದ್ದು? ನೆಲಕ್ಕೆ ಹೊಂದ್ಕೊಂಡು ಕೂತಿರೋ ಸಣ್ಣ ಪ್ರಾಟಿನ್‌ಕೋಲ್‌ಗಳೂ ಸಿಗ್ತವೆ. ಸಂಜೆ ಮಳೆ ಬಂದ್ರೆ ತಂಪು ಬೇರೆ.

ಕೋಡಿ ಕಡೆಯವ (ಈಗ ಹಾಸನ):

ಲಕ್ಕವಳ್ಳಿ ಬಗ್ಗೆ ಹೇಳಿದ್ದು ಸರಿ, ಅದಕ್ಕೆ ತಕರಾರಿಲ್ಲ, ಆದ್ರೆ ಬೇಸಿಗೇಲಿ ಕರಾವಳೀಲಿ ಏನೂ ಇಲ್ಲ ಅನ್ನೋದು ಮಾತ್ರ ಘಟ್ಟದ ಮೇಲೆ ಕೂತು ಹೇಳೋ ಮಾತು. ನಾನು ಹುಟ್ಟಿ ಬೆಳೆದಿದ್ದು ಅಲ್ಲೇ, ಈಗ್ಲೂ ಪ್ರತಿ ಬೇಸಿಗೆ ಹೋಗ್ತೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಚಳಿಗಾಲದಲ್ಲಿ ಸಂಖ್ಯೆ ಜಾಸ್ತಿ, ಒಪ್ಪಿದೆ. ಆದ್ರೆ ಆಗ ಎಲ್ಲಾ ಹಕ್ಕೀನೂ ಮಬ್ಬು ಕಂದು ಡ್ರೆಸ್ಸಲ್ಲಿರ್ತವೆ, ನೀವು ಒಂದೇ ತರ ಕಾಣ್ತವೆ ಅಂದ್ರಲ್ಲ, ಅದಕ್ಕೇ. ಏಪ್ರಿಲ್ ಹೊತ್ತಿಗೆ ಅವು ಸಂತಾನದ ಬಣ್ಣಕ್ಕೆ ಬರ್ತವೆ. ಸ್ಯಾಂಡ್ ಪ್ಲವರ್ ಎದೆ ಇಟ್ಟಿಗೆ ಕೆಂಪು ಆಗಿ ಕಣ್ಣಿನ ಹತ್ರ ಕಪ್ಪು ಪಟ್ಟಿ ಬಂದಿರತ್ತೆ. ಗ್ರೇ ಪ್ಲವರ್ ಜನವರೀಲಿ ಬೂದಿ ಬೂದಿ ಇದ್ದಿದ್ದು ಮುಖದಿಂದ ಹೊಟ್ಟೆವರೆಗೆ ಕಡು ಕಪ್ಪಾಗತ್ತೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಪೂರ್ತಿ ಕೆಂಪು. ಹೊಸಬರಿಗೆ ಗುರುತು ಹಿಡಿಯೋದು ಕಲಿಯೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ ಅಂತ ನನ್ನ ಅಭಿಪ್ರಾಯ. ಅರ್ಧ ಬಣ್ಣ ಬದಲಾದವು ಒಂದಷ್ಟು, ಬದಲಾಗದೇ ಇರೋವು ಒಂದಷ್ಟು ಒಂದೇ ಗುಂಪಲ್ಲಿ ಇರ್ತವೆ, ಅದನ್ನ ನೋಡ್ತಾ ನೋಡ್ತಾನೇ ಮಬ್ಬು ಡ್ರೆಸ್ಸಿನ ಹಕ್ಕೀನೂ ಗುರುತು ಸಿಕ್ಕೋಕೆ ಶುರು ಆಗತ್ತೆ.

ಆಮೇಲೆ ಅವು ಹೋಗೋದೆಲ್ಲಿಗೆ ಅಂತ ಯೋಚ್ನೆ ಮಾಡಿ. ಮೊದ್ಲು ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತಿದ್ದಿದ್ದನ್ನ ಈಗ ಎರಡು ಜಾತಿ ಮಾಡಿದಾರೆ, ನಮ್ಮ ಕಡೆ ಹೆಚ್ಚಾಗಿ ಬರೋದು ಟಿಬೆಟನ್ ಸ್ಯಾಂಡ್ ಪ್ಲವರ್. ಹೆಸರೇ ಹೇಳತ್ತಲ್ಲ, ಕೋಡಿ ಮರಳಲ್ಲಿ ಏಡಿ ಹೆಕ್ತಿರೋ ಹಕ್ಕಿ ಮರಿ ಮಾಡೋದು ಟಿಬೆಟ್, ಲಡಾಕ್ ಕಡೆ ಪ್ರಸ್ಥಭೂಮಿ ಮೇಲೆ. ಬ್ರೌನ್ ಹೆಡೆಡ್ ಗಲ್ ಕೂಡ ಆ ಕಡೆ ಸರೋವರಗಳಿಗೇ ಹೋಗೋದು. ಅಲೆ ಹಿಂದೆ ಹೋದಾಗ ಹಿಂದೆನೇ ಓಡಿ, ಅಲೆ ಬಂದಾಗ ವಾಪಸ್ ಓಡಿ ಬರತ್ತಲ್ಲ ಬಿಳಿ ಬಿಳಿ ಹಕ್ಕಿ, ಸ್ಯಾಂಡರ್ಲಿಂಗ್, ಅದು ಆರ್ಕ್ಟಿಕ್‌ವರೆಗೂ ಹೋಗತ್ತೆ.

ಕಾರವಾರದಿಂದ ಉಳ್ಳಾಲ ರೌಂಡ್ ಹಾಕೋ ಐಡಿಯಾ ದಯವಿಟ್ಟು ಬಿಡಿ. ವಾರದ ರಜೆ ಸಿಕ್ಕಿರೋರು ಹಾಗೆ ಮಾಡ್ಲಿ. ನಿಮ್ಮ ಕೈಲಿ ತಿಂಗಳಿದೆ, ಅದರ ಬೆಲೆ ಇರೋದೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗೋದ್ರಲ್ಲಿ. ಕೋಡಿ ಕಡೆ ಮರಳ ದಂಡೆ, ಈಚೆ ಪಂಚಗಂಗಾವಳಿ ಹಿನ್ನೀರು, ಎದುರುಗಡೆ ಗಂಗೊಳ್ಳಿ ಬಂದರು, ಇಷ್ಟೇ ಸಾಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ನದಿ ಸೇರಿ ಸಮುದ್ರಕ್ಕೆ ಬೀಳೋ ಜಾಗ ಅದು, ಕೆಸರು, ಮರಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಲ್ಲಾ ಒಂದೇ ಕಡೆ ಇದೆ. ಹೋದಾಗೆಲ್ಲ ಪಟ್ಟಿ ಮಾಡಿ, ಹಕ್ಕಿ ಪಟ್ಟಿ ದಾಖಲಿಸೋ ವೆಬ್‌ಸೈಟ್ ಇಬರ್ಡ್‌ಗೆ ಹಾಕಿ. ಮೊದಲ ವಾರ ಗುಂಪು ಗುಂಪು ಇದ್ದಿದ್ದು ಮೇ ಬರೋಷ್ಟ್ರಲ್ಲಿ ಹೇಗೆ ಕರಗತ್ತೆ, ಯಾವ ಜಾತಿ ಮೊದ್ಲು ಹೊರಡತ್ತೆ, ಯಾವುದು ಕೊನೆವರೆಗೂ ಇರತ್ತೆ ಅನ್ನೋದು ಒಂದೇ ಕಡೆ ನಿಂತು ನೋಡಿದ್ರೆ ಮಾತ್ರ ಸಿಗೋದು. ಬೀಚಿಂದ ಬೀಚಿಗೆ ಹಾರಿದ್ರೆ ಬರೀ ಲಿಸ್ಟ್ ಉದ್ದ ಆಗತ್ತೆ.

ಎಲ್ಲಾವೂ ಹೋಗಲ್ಲ ಅನ್ನೋದೂ ನೆನಪಿರ್ಲಿ. ಹೋದ ವರ್ಷ ಹುಟ್ಟಿದ ಹಕ್ಕಿಗಳು ಎಷ್ಟೋ ಮೊದಲ ಬೇಸಿಗೇಲಿ ಇಲ್ಲೇ ಉಳೀತವೆ. ಮೇ ಕೊನೇಲಿ ಒಂಟಿ ಕರ್ಲ್ಯೂ, ವಿಂಬ್ರಲ್, ಬಣ್ಣನೇ ಬರದ ನಾಲ್ಕು ಪ್ಲವರ್ ಕಂಡ್ರೆ ಪಾಪ ರೆಕ್ಕೆ ಪೆಟ್ಟಾಗಿರ್ಬೇಕು ಅಂದ್ಕೋಬೇಡಿ.

ಎಸ್ಟೇಟ್ ರೈಟರ್ (ಸಕಲೇಶಪುರ):

ಮೇಲಿನೋರು ಹಕ್ಕಿ ಬಗ್ಗೆ ಚೆನ್ನಾಗಿ ಹೇಳವ್ರೆ, ನಾನು ಬಿಸಿಲು ಮತ್ತೆ ನೀರಿನ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆಯೋರು ಅಲ್ಲಿ ಹೋಗಿ ಸೋಲೋದು ಅಲ್ಲೇ.

ಕೆರೆ ಹತ್ರ ಹೋದಂಗೆ ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಅಂತ ಹೋದ್ರೆ ಆಗಲ್ಲ, ಗಡಿಯಾರ ಬಿಟ್ಟು ಉಬ್ಬರ ಇಳಿತ ನೋಡ್ಬೇಕು. ನೀರು ಇಳಿದಾಗ ಹಕ್ಕಿ ಎಲ್ಲ ದೂರದ ಕೆಸರಲ್ಲಿ ಚೆದುರಿ ಹೋಗಿರ್ತವೆ, ನಿಮ್ಮ ಬೈನಾಕ್ಯುಲರ್‌ಗೆ ಚುಕ್ಕಿ ಕಾಣ್ತವೆ ಅಷ್ಟೇ. ಪೂರ್ತಿ ಉಬ್ಬರ ಆಗೋಕೆ ಒಂದೂವರೆ ಎರಡು ಗಂಟೆ ಮುಂಚೆ ಹೋಗಿ ಒಂದ್ ಕಡೆ ಅಲ್ಲಾಡದೆ ಕೂತ್ಕೊಳಿ, ಏರೋ ನೀರೇ ಹಕ್ಕೀನ ನಿಮ್ಮ ಕಡೆ ತಳ್ಕೊಂಡು ಬರತ್ತೆ, ಕೊನೆಗೆ ಉಳಿದ ಮರಳ ದಿಬ್ಬದ ಮೇಲೆ ಎಲ್ಲಾ ಒತ್ತೊತ್ತಾಗಿ ನಿಂತ್ಕೋತವೆ. ದಿನಕ್ಕೆ ಎರಡು ಉಬ್ಬರ, ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗತ್ತೆ. ಅಮಾವಾಸ್ಯೆ ಹುಣ್ಣಿಮೆ ಹಿಂದೆಮುಂದೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯತ್ತೆ, ಅಷ್ಟಮಿ ಸುತ್ತ ಕಮ್ಮಿ. ಟೈಡ್ ಆಪ್ ಫ್ರೀ ಸಿಗ್ತವೆ, ಇಲ್ಲಾಂದ್ರೆ ಗಂಗೊಳ್ಳೀಲಿ ಯಾವ ಮೀನುಗಾರರನ್ನ ಕೇಳಿದ್ರೂ ಫೋನ್ ನೋಡ್ದೆ ಹೇಳ್ತಾರೆ.

ಬೆಳಕು ಇನ್ನೊಂದು. ನಮ್ಮ ಸಮುದ್ರ ಪಶ್ಚಿಮಕ್ಕೆ, ಹಂಗಾಗಿ ಬೆಳಗ್ಗೆ ಸೂರ್ಯ ಬೆನ್ನಿಗೆ ಇರ್ತಾನೆ, ಬೀಚ್ ಕಡೆ ನೋಡೋಕೆ ಬೆಳಗ್ಗೆನೇ ಸರಿ. ಸಂಜೆ ಸಮುದ್ರ ನೋಡಿದ್ರೆ ಕಣ್ಣು ಕುಕ್ಕತ್ತೆ, ಹಕ್ಕಿ ಎಲ್ಲಾ ಕರಿ ನೆರಳು. ಸಂಜೆ ಕೋಡಿಯಲ್ಲೇ ನಿಂತು ಉಲ್ಟಾ ತಿರುಗಿ ಪೂರ್ವಕ್ಕೆ ಹಿನ್ನೀರು ನೋಡಿ, ಬಣ್ಣ ಬಣ್ಣವಾಗೇ ಕಾಣತ್ತೆ. ಹತ್ತು ಗಂಟೆ ಮೇಲೆ ಮರಳಿಂದ ಬಿಸಿಗಾಳಿ ಎದ್ದು ದೂರದ್ದೆಲ್ಲ ಅಲ್ಲಾಡೋಕೆ ಶುರು ಆಗತ್ತೆ, ಆಗ ಎಷ್ಟು ದುಡ್ಡಿನ ಸ್ಕೋಪ್ ಇದ್ರೂ ದಂಡ. ಆ ಹೊತ್ತಲ್ಲಿ ಗಾಳಿ ಮರದ ತೋಪಲ್ಲೋ ಅಕ್ಕನ ಮನೆ ಜಗಲೀಲೋ ಇರಿ. ಬೊಂಡ ಕುಡೀರಿ.

ತೋಪಲ್ಲಿ ಇದ್ರೆ ತಲೆ ಮೇಲೂ ನೋಡ್ತಿರಿ. ಬಿಳಿಹೊಟ್ಟೆ ಕಡಲ ಹದ್ದು ವರ್ಷಪೂರ್ತಿ ಇರತ್ತೆ, ಎತ್ತರದ ಮರದ ಮೇಲೆ, ಕೆಲವು ಕಡೆ ಮೊಬೈಲ್ ಟವರ್ ಮೇಲೂ ಗೂಡು ಕಟ್ಟತ್ತೆ. ಬೇಸಿಗೆ ಹೊತ್ತಿಗೆ ಮರಿ ಹಾರೋಕೆ ಕಲ್ತು ಅಲ್ಲೇ ಸುತ್ತಾಡ್ತಿರತ್ತೆ, ಅದು ಕಂದು ಬಣ್ಣ, ಬೇರೆ ಯಾವುದೋ ಹದ್ದು ಅಂತ ಮೋಸ ಹೋಗ್ತಾರೆ. ಮೋಟು ಬಾಲ, ತೇಲುವಾಗ ರೆಕ್ಕೆ ಮೇಲಕ್ಕೆ ಎತ್ತಿ ಹಿಡಿಯೋದು, ಇವೆರಡು ನೋಡಿದ್ರೆ ಗೊತ್ತಾಗೋಗತ್ತೆ. ಗರುಡ ಅಂತೂ ಬಂದರಲ್ಲಿ ಕಾಗೆಗಿಂತ ಜಾಸ್ತಿ.

ಹೇಮಾವತಿ ದಂಡೆ (ಹಾಸನ):

ಅಬ್ಬಾ, ಇಷ್ಟು ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಒಂದೇ ಜಾಗ ಅನ್ನೋದು ಸರಿ ಅನಿಸ್ತು, ರೌಂಡ್ ಕ್ಯಾನ್ಸಲ್. ಇನ್ನೆರಡು ಡೌಟು. ಬೆಳ್ಳಕ್ಕಿ ತರಾನೇ ಇದ್ದು ಸ್ಲೇಟ್ ಬಣ್ಣದ ಹಕ್ಕಿ ಒಂದನ್ನ ಹಿಂದೆ ಮರವಂತೇಲಿ ನೋಡಿದ್ದೆ, ಅದೇನದು? ಇನ್ನೊಂದು, ನೇತ್ರಾಣಿ ದ್ವೀಪಕ್ಕೆ ಬೋಟಲ್ಲಿ ಹೋದ್ರೆ ಹಕ್ಕಿ ನೋಡ್ಬಹುದಾ?

ಕೋಡಿ ಕಡೆಯವ (ಈಗ ಹಾಸನ):

ಅದು ವೆಸ್ಟರ್ನ್ ರೀಫ್ ಹೆರನ್, ಪಕ್ಕಾ ಕಡಲ ಬೆಳ್ಳಕ್ಕಿ. ಬೂದು ಬಣ್ಣದ್ದೂ ಇದೆ, ಪೂರ್ತಿ ಬಿಳೀದೂ ಇದೆ, ಎರಡೂ ಒಂದೇ ಜಾತಿ. ಬೂದು ಸಿಕ್ರೆ ಸುಲಭ, ಬಿಳಿ ಸಿಕ್ರೆ ಸಣ್ಣ ಬೆಳ್ಳಕ್ಕಿ ಜೊತೆ ತಲೆ ಕೆಡತ್ತೆ, ಕೊಕ್ಕು ಸ್ವಲ್ಪ ದಪ್ಪ, ಬಣ್ಣನೂ ಅಷ್ಟು ಕಪ್ಪಲ್ಲ. ಕಲ್ಲು ಇರೋ ಕಡೆ, ಅಲೆ ತಡೆಯೋಕೆ ಕಟ್ಟಿರೋ ಬ್ರೇಕ್‌ವಾಟರ್ ಹತ್ರ ಹುಡುಕಿ. ಕೊಳಬಕ ಕೂಡ ಈಗ ಬೆನ್ನು ಕೆಂಗಂದು ಮಾಡ್ಕೊಂಡು ಬೇರೆ ಹಕ್ಕಿ ತರಾನೇ ಆಗಿರತ್ತೆ, ಅದನ್ನ ನೀವು ಹಾಸನದಲ್ಲೂ ನೋಡಿರ್ತೀರ.

ನೇತ್ರಾಣಿ ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ಹತ್ರ ಒಳಗೆ. ಸ್ಕೂಬಾದವ್ರ ಬೋಟ್ ಹೋಗತ್ತೆ. ಕಡಲ ಹದ್ದು ಅಲ್ಲಿ ಗೂಡು ಮಾಡತ್ತೆ, ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಇದಾವೆ, ಆದ್ರೆ ಡೈವಿಂಗ್ ಬೋಟಿನವರಿಗೆ ಹಕ್ಕಿ ಮೇಲೆ ಆಸಕ್ತಿ ಇಲ್ಲ, ಇಳಿಯೋದೂ ಇಲ್ಲ, ಸುಮ್ನೆ ದುಬಾರಿ. ಹಕ್ಕಿಗೋಸ್ಕರ ಅಂತ ಆದ್ರೆ ಆ ದುಡ್ಡಲ್ಲಿ ಕುಮಟಾಗೆ ಒಂದು ಸಲ ಹೋಗಿ ಬನ್ನಿ, ಅಘನಾಶಿನಿ ಅಳಿವೆ. ಒಂದೂ ಅಣೆಕಟ್ಟಿಲ್ಲದ ನದಿ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಇಳಿತದಲ್ಲಿ ಹೆಂಗಸರು ಬಳಚು ಅನ್ನೋ ಚಿಪ್ಪುಜೀವಿ ಹೆಕ್ತಿರ್ತಾರೆ, ಪಕ್ಕದಲ್ಲೇ ಕರ್ಲ್ಯೂ ಉದ್ದ ಕೊಕ್ಕು ತೂರಿಸಿ ಅದೇ ಕೆಸರಲ್ಲಿ ತನ್ನ ಪಾಲು ಹುಡುಕ್ತಿರತ್ತೆ, ಯಾರೂ ಯಾರನ್ನೂ ಕೇರ್ ಮಾಡಲ್ಲ. ಇದೊಂದಕ್ಕೆ ಮಾತ್ರ ನನ್ನ ರೂಲ್ ಮುರೀಬಹುದು.

ಮೂಡಿಗೆರೆ ಮಳೆ:

ಸರಿ ಸರಿ, ಸ್ಯಾಂಡ್ ಪ್ಲವರ್ ವಿಷಯದಲ್ಲಿ ಸೋತೆ. ಆದ್ರೂ ಮೇ ಎರಡನೇ ವಾರ ಅಲ್ಲಿ ಏನಿರತ್ತೆ ಹೇಳಿ ನೋಡೋಣ? ಆಗ ಎಂಡೆಮಿಕ್ ಬರ್ಡ್ ಡೇ (ಒಂದು ಪ್ರದೇಶದಲ್ಲಿ ಮಾತ್ರ ಇರೋ ಹಕ್ಕಿಗಳ ದಿನ) ಬೇರೆ ಇರತ್ತೆ, ನಮ್ಮ ಚಾರ್ಮಾಡಿ ಕಡೆ ಸಿಳ್ಳಾರ, ಮಂಗಟ್ಟೆ ಎಲ್ಲಾ ಬಿಟ್ಟು ಖಾಲಿ ಮರಳು ನೋಡೋದಾ? ಬರೋವಾಗ ಕೊಟ್ಟಿಗೆಹಾರದಲ್ಲಿ ನೀರ್ದೋಸೆನೂ ಆಗತ್ತೆ.

ಕೋಡಿ ಕಡೆಯವ (ಈಗ ಹಾಸನ):

ನೀರ್ದೋಸೆ ವಿಷಯಕ್ಕೆ ವಾದ ಇಲ್ಲ. ಮೇ ವಿಷಯಕ್ಕೆ ಇದೆ. ಮರಳು ಖಾಲಿ ಆದಾಗ ನೀರಿನ ಕಡೆ ತಿರುಗ್ಬೇಕು. ವಿಲ್ಸನ್ಸ್ ಸ್ಟಾರ್ಮ್ ಪೆಟ್ರಲ್ ಅಂಟಾರ್ಕ್ಟಿಕ ಕಡೆ ಮರಿ ಮಾಡಿ, ಅಲ್ಲಿ ಚಳಿಗಾಲ ಶುರು ಆದಾಗ ನಮ್ಮ ಅರಬ್ಬಿ ಸಮುದ್ರಕ್ಕೆ ಬರೋ ಹಕ್ಕಿ. ಅಂದ್ರೆ ಉತ್ತರದವು ಖಾಲಿ ಮಾಡೋ ಹೊತ್ತಿಗೆ ದಕ್ಷಿಣದಿಂದ ಬೇರೆಯವು ಬರ್ತಿರ್ತವೆ, ಆದ್ರೆ ದಡಕ್ಕೆ ಬರಲ್ಲ, ಒಳಗೆ ಆಳದಲ್ಲಿ ಇರ್ತವೆ. ಮಳೆಗಾಲದ ಬಿರುಗಾಳಿ ಬೀಸಿದಾಗ ಬೂಬಿ, ಫ್ರಿಗೇಟ್ ಬರ್ಡ್, ಸೂಟಿ ಟರ್ನ್ ಇಂಥವು ಸುಸ್ತಾಗಿ ದಡಕ್ಕೆ ಬಂದು ಬೀಳ್ತವೆ. ಅದು ಜೂನ್ ಮೇಲಿನ ಮಾತು, ಟೀಚರ್ ಅಷ್ಟೊತ್ತಿಗೆ ಶಾಲೇಲಿ ಇರ್ತಾರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೂ ಕಡಲಿಗೆ ಇಳಿಯೋ ಹಾಗಿಲ್ಲ. ಮೇ ತಿಂಗಳಲ್ಲಿ ಮಾಡೋಕಾಗೋದು ಬೆಳಗ್ಗೆ ಬ್ರೇಕ್‌ವಾಟರ್ ತುದೀಲಿ ನಿಂತು ದೂರ ನೋಡೋದು, ಕ್ರೆಸ್ಟೆಡ್ ಟರ್ನ್ ಸಿಕ್ಕಬಹುದು, ಏನೂ ಸಿಗದೇನೂ ಇರ್ಬಹುದು.

ಕ್ಯಾಮೆರಾ ಮಾರಿದವಳು (ಚಿಕ್ಕಮಗಳೂರು):

ಯಾರೂ ಹೇಳ್ಲಿಲ್ಲ ಅಂತ ಸೇರಿಸ್ತೀನಿ. ಮಾರ್ಚ್‌ನಿಂದ ಮೇ ಟಿಟ್ಟಿಭ, ಸಣ್ಣ ಪ್ಲವರ್‌ಗಳು ಬರೀ ನೆಲದ ಮೇಲೆ ಮೊಟ್ಟೆ ಇಡೋ ಟೈಮ್. ಗೂಡು ಅಂತ ಇರಲ್ಲ, ಒಂದ್ ಸಣ್ಣ ಗುಳಿ, ಮೊಟ್ಟೆ ಕಲ್ಲಿನ ಬಣ್ಣ, ಕಾಲಡಿಗೆ ಬಂದ್ರೂ ಗೊತ್ತಾಗಲ್ಲ. ಹಕ್ಕಿ ಕಿರುಚ್ತಾ ತಲೆ ಮೇಲೆ ಸುತ್ತಿದ್ರೆ, ಅಥವಾ ರೆಕ್ಕೆ ಮುರಿದೋರ ತರ ಎಳ್ಕೊಂಡು ಹೋದ್ರೆ, ಫೋಟೋ ಚಾನ್ಸ್ ಅಂತ ಹಿಂದೆ ಹೋಗ್ಬೇಡಿ, ಬಂದ ದಾರೀಲೇ ವಾಪಸ್ ಹೋಗಿ. ಆ ಬಿಸಿಲಲ್ಲಿ ತಾಯಿ ಎದ್ದು ಹತ್ತು ನಿಮಿಷ ಆದ್ರೂ ಮೊಟ್ಟೆ ಬೇಯತ್ತೆ. ಟಿಟ್ಟಿಭ ಹೊಟ್ಟೆಗರಿ ನೀರಲ್ಲಿ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡತ್ತೆ, ಅಷ್ಟು ಕಷ್ಟ ಅದಕ್ಕೆ. ಅಕ್ಕನ ಮನೇಲಿ ನಾಯಿ ಇದ್ರೆ ಬೀಚಿಗೆ ಕರ್ಕೊಂಡು ಹೋಗ್ಬೇಡಿ, ಮರಳ ಮೇಲೆ ಸ್ಕೂಟಿ ಓಡಿಸ್ಬೇಡಿ.

ಹಾಂ, ಅಕಸ್ಮಾತ್ ಕಾರವಾರಕ್ಕೆ ಹೋದ್ರೆ ನೌಕಾನೆಲೆ ಕಡೆಗೆ ಸ್ಕೋಪ್, ಕ್ಯಾಮೆರಾ ತಿರುಗಿಸ್ಬೇಡಿ. ಅಲ್ಲಿ ಗಲ್ ನೋಡ್ತಿದ್ದೆ ಅಂದ್ರೆ ನಂಬಲ್ಲ.

ಹೇಮಾವತಿ ದಂಡೆ (ಹಾಸನ):

ನಾಯಿ ಇಲ್ಲ, ಬೆಕ್ಕಿದೆ, ಅದು ಮನೆ ಬಿಟ್ಟು ಹೋಗಲ್ಲ. ಟೈಡ್ ಆಪ್ ಹಾಕ್ಕೊಂಡೆ. ನಾನು ಹೋಗೋ ವಾರ ಉಬ್ಬರ ಬೆಳಗ್ಗೆ ಹನ್ನೊಂದೂವರೆ ಅಂತ ತೋರಿಸ್ತಿದೆ, ಹತ್ತು ಗಂಟೆ ಮೇಲೆ ಬಿಸಿಗಾಳಿ ಅಂದ್ರಲ್ಲ, ಆಗ ಏನ್ ಮಾಡೋದು?

ಎಸ್ಟೇಟ್ ರೈಟರ್ (ಸಕಲೇಶಪುರ):

ಒಂಬತ್ತೂವರೆಗೇ ಹೋಗಿ ಕೂತ್ಕೊಳಿ, ಛತ್ರಿ ತಗೊಂಡು. ಹತ್ತಿರ ಬಂದಿರೋ ಹಕ್ಕಿಗೆ ಬಿಸಿಗಾಳಿ ತೊಂದ್ರೆ ಕಮ್ಮಿ, ದೂರದ್ದು ಮಾತ್ರ ಅಲ್ಲಾಡೋದು. ಹನ್ನೊಂದಕ್ಕೆ ಎದ್ದು ಬಂದ್ಬಿಡಿ, ಪೂರ್ತಿ ಉಬ್ಬರಕ್ಕೆ ಕಾಯ್ಬೇಡಿ. ಮುಂದಿನ ವಾರಕ್ಕೆ ಅದು ಸಂಜೆ ಕಡೆ ಜಾರತ್ತೆ, ಆಗ ಹಿನ್ನೀರು ಕಡೆ ತಿರುಗಿ ಕೂತ್ರೆ ಆಯ್ತು.